ಹಗುರದ್ದೇ ಸಾಕು

ತಲೆಯೊಳಗಿನ ನೆನಪುಗಳ ಡೇಟಾಬೇಸನ್ನು ಒಪ್ಪಮಾಡಲು ಒಂದು ಸಾಫ್ಟ್‌ವೇರ್ ಬೇಕೆಂದು ನೀಲಾಂಬಿಕೆ ಹುಬ್ಬಳ್ಳಿಯ ಅಂಗಡಿಗೆ ಹೋದಳು.

“ದೊಡ್ಡದು ತಗೋರಿ ಅಕ್ಕಾರ. ಒಂದು ನೆನಪು ಅಳಿಸಿದ್ರ ಅದಕ್ಕ ಅಂಟಿದ್ದನ್ನೆಲ್ಲಾ ಹುಡುಕಿ ತೆಗಿತೈತಿ. ಸ್ವಲ್ಪ ಹೊತ್ತು ಹಿಡಿತೈತಿ, ಅಷ್ಟ,” ಎಂದ ಅಂಗಡಿಯ ಫಕೀರಪ್ಪ.

“ಅಷ್ಟು ಪುರುಸೊತ್ತಿಲ್ಲಪಾ. ಬ್ರೌಸರಿನಾಗ ತೆರೆಯೋ ಆ ಹಗುರದ್ದ ಸಾಕು.”

ಮದುವೆಮನೆಯಲ್ಲಿ ಎಲ್ಲರೆದುರು ಮೈದುನನ ಹೆಂಡತಿ, ನೆಗೆಣ್ಣಿ ಗೌರವ್ವನನ್ನು ಬಳೆ ಕದ್ದ ಕಳ್ಳಿ ಎಂದು ಬೈದದ್ದು, ಆಮೇಲೆ ಆ ಬಳೆ ತನ್ನದೇ ಚೀಲದಲ್ಲಿ ಸಿಕ್ಕಿದ್ದು, ಇಷ್ಟನ್ನು ಅಳಿಸಿದರೆ ಸಾಕಿತ್ತು. ಅಲ್ಲೇ ಕೂತು ಅಳಿಸಿದಳು.

ಹೊರಬಂದರೆ ಎದುರಿಗೆ ಗೌರವ್ವ. ನೀಲಾಂಬಿಕೆಯ ಮುಖ ಬಿಸಿಯಾಗಿ ತಲೆ ತಾನಾಗಿ ತಗ್ಗಿತು. ನಾಚಿಕೆ ಡೇಟಾಬೇಸಿನ ಬೇರೊಂದು ಟೇಬಲಿನಲ್ಲಿ ಹಾಗೆಯೇ ಉಳಿದುಬಿಟ್ಟಿತ್ತು.

“ಏನರ ಹೇಳೋದೈತೇನು, ಅಕ್ಕಾ?” ಗೌರವ್ವ ಕಾದು ನಿಂತಳು.

ಕ್ಷಮೆ ಕೇಳಬೇಕೆಂದು ನೀಲಾಂಬಿಕೆಯ ಜೀವ ಒದ್ದಾಡಿತು. ಯಾತಕ್ಕೆ ಎಂಬುದು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ.