ಸೆಂಟರ್ ಅದಲುಬದಲು

ತಿಕೋಟಾ ಹಾಕಿ ತಂಡದವರು ನಡುವಿನ ಸೆಂಟರ್ ಜಾಗದಲ್ಲಿ ಆಡುವ ಜಹೀರನನ್ನು ಬಬಲೇಶ್ವರಕ್ಕೆ ಕೊಟ್ಟು, ಅಲ್ಲಿಯ ಸತೀಶಕುಮಾರನನ್ನು ತಮ್ಮಲ್ಲಿಗೆ ತಂದುಕೊಂಡರೆಂಬ ಸುದ್ದಿ ಕೇಳಿದ್ದೇ ತಡ, ಶಂಕ್ರೆಪ್ಪ ಬಿಜ್ಜರಗಿಯ ದ್ರಾಕ್ಷಿ ತೋಟದಿಂದ ಬೈಕು ಓಡಿಸಿಕೊಂಡು ನೇರವಾಗಿ ಸಬೀರಾಳ ಹಿಟ್ಟಿನ ಗಿರಣಿಗೆ ಬಂದ. ತಂಡದ ಒಂದು ಪಂದ್ಯವನ್ನೂ ಬಿಡದೆ ನೋಡುವವರು ಅವರಿಬ್ಬರು. ಮೇಲಾಗಿ ಜಹೀರ ಸಬೀರಾಳ ಮಗ.

"ಯವ್ವಾ, ಗಿರಣಿ ಬಂದ್ ಮಾಡು. ನಡಿ, ಫಕ್ರುದ್ದೀನ ಸಾಹೇಬರ ಮನಿಗೆ ಹೋಗೂಣು. ತಂಡದ ಹಿರ್ಯಾ ಅಂತ ಕೂಡಿಸಿದ್ರ, ನಮ್ಮ ಸೆಂಟರ್‌ನ್ನ ಮಾರಿ ಕುಂತಾರ!"

ಸಬೀರಾ ಜೋಳ ಸುರಿಯುವುದನ್ನು ನಿಲ್ಲಿಸಲಿಲ್ಲ. "ಮಾರಿಲ್ಲರಿ ಅಣ್ಣಾರ, ಬದಲಿ ಮಾಡ್ಯಾರ. ಅವರಿಗೆ ಹೇಳಿದಾಕಿ ನಾನ."

ಗಿರಣಿಯ ಸದ್ದಿನಲ್ಲಿ ತಪ್ಪಿ ಕೇಳಿಸಿತೇನೋ ಎಂದು ಶಂಕ್ರೆಪ್ಪ ಇನ್ನೊಮ್ಮೆ ಕೇಳಿದ. ಅವಳು ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದಳು.

"ಹೆತ್ತಾಕಿ ಆಗಿ ಹಿಂಗ ಮಾಡೂದಾ? ಹೋದ ವರ್ಷದ ಗೋಲೆಲ್ಲಾ ಯಾರ್ದು? ಅವ ಓಡಿದ್ರ ಕುದುರಿ ಹಿಂದ ಬೀಳಬೇಕು. ಆ ಸತೀಶ ಓಡೂದು ನೋಡಿಯೇನು? ಎಮ್ಮಿ ಕೆರಿಗೆ ಹೊಂಟಂಗ ಇರ್ತೈತಿ!"

ಬೀಸಿಸಲು ಬಂದು ಕಾಯುತ್ತಿದ್ದವರು ನಕ್ಕರು. ಸಬೀರಾ ನಗಲಿಲ್ಲ. "ಗೋಲು ಅವಂದು ಖರೇರಿ. ಆದ್ರ ನಾವು ಗೆದ್ದದ್ದೆಷ್ಟು? ಚೆಂಡ ಸಿಕ್ಕಿದ ಕೂಡಲೇ ತಲಿ ಬಗ್ಗಸ್ತಾನ, ಮತ್ತ ಎತ್ತೂದು ಗೋಲಿನ ಮುಂದ. ಬಲಕ್ಕ ಮುತ್ತು, ಎಡಕ್ಕ ಜಾಹೀದ, ಇಬ್ಬರೂ ಕೈ ಎತ್ತಿ ಎತ್ತಿ ಸಾಕಾಗಿ ನಿಂತಬಿಡ್ತಾರ. ಸೆಂಟರ್ ಅಂದ್ರ ಚೆಂಡ ಹಂಚಾಂವ್ರಿ. ಸತೀಶ ತಾ ಓಡಂಗಿಲ್ಲ, ಚೆಂಡ ಓಡಸ್ತಾನ."

"ತಿದ್ದಿ ಹೇಳಿದ್ರ ಜಹೀರನೂ ಕಲೀತಿದ್ದ."

"ಇಲ್ಲಿ ಯಾರ ಹೇಳ್ತೀರಿ? ಗೋಲು ಹೊಡದ್ರ ಸಾಕು, ಹೆಗಲ ಮ್ಯಾಲ ಹೊತ್ತು ಕುಣೀತೀರಿ. ಹೆಗಲ ಮ್ಯಾಲ ಕುಂತಾಂವ ನಡಿಯೂದು ಯಾವಾಗ ಕಲೀತಾನ?"

ಹಾಗೆ ಮೊದಲು ಹೊತ್ತವನು ಶಂಕ್ರೆಪ್ಪನೇ. "ನೋಡೂಣು ಬಿಡು" ಎಂದಷ್ಟೇ ಅಂದು ಬೈಕು ತಿರುಗಿಸಿದ. ಬದಲಿಯ ಮಾತು ಕಿವಿಗೆ ಬಿದ್ದಾಗಿನಿಂದ ಮಗ ತನ್ನೊಂದಿಗೆ ಮಾತು ಬಿಟ್ಟಿದ್ದಾನೆ, ಬಡಿಸಿದ್ದನ್ನು ಉಂಡು ಗೋಡೆಗೆ ಮುಖ ಮಾಡಿ ಮಲಗುತ್ತಾನೆ ಎಂಬುದನ್ನು ಸಬೀರಾ ಅವನಿಗೆ ಹೇಳಲಿಲ್ಲ.

ವಿಜಯಪುರದ ಮೈದಾನದಲ್ಲಿ ಎರಡೂ ತಂಡಗಳು ಎದುರಾದ ದಿನ ಅವಳು ಎಂದಿನಂತೆ ತಿಕೋಟಾದವರ ನಡುವೆ, ಶಂಕ್ರೆಪ್ಪನ ಪಕ್ಕದಲ್ಲೇ ಕೂತಳು. ಬಬಲೇಶ್ವರದ ಕೆಂಪು ಅಂಗಿ ತೊಟ್ಟ ಜಹೀರ ಚೆಂಡು ಸಿಕ್ಕಿದ್ದೇ ತಲೆ ಬಗ್ಗಿಸಿದ. ಅಡ್ಡ ಬಂದವರನ್ನೆಲ್ಲ ದಾಟಿ ಗೋಲು ಹೊಡೆದ. ತಾಯಿ ಕೂತಿದ್ದ ಕಡೆಗೆ ಸ್ಟಿಕ್ ಎತ್ತಿ ತೋರಿಸಿದ. ಅವನ ಹೊಸ ತಂಡದ ಹುಡುಗರು ಬೆನ್ನು ತಟ್ಟಿ ತಮ್ಮ ತಮ್ಮ ಜಾಗಕ್ಕೆ ಹೋದರು. ಯಾರೂ ಎತ್ತಿಕೊಳ್ಳಲಿಲ್ಲ.

"ನೋಡಿದಿ?" ಅಂದ ಶಂಕ್ರೆಪ್ಪ. ಅದು ಸಂಕಟವೋ ಹೆಮ್ಮೆಯೋ ಅವನಿಗೇ ತಿಳಿಯಲಿಲ್ಲ.

"ಆಟ ಇನ್ನೂ ಐತ್ರಿ."

ಸತೀಶಕುಮಾರ ಅವಸರ ಮಾಡಲಿಲ್ಲ. ನಡು ಮೈದಾನದಲ್ಲೇ ಸುಳಿದಾಡುತ್ತ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಚೆಂಡು ತಳ್ಳುತ್ತಿದ್ದ. ಹೋದ ವರ್ಷವೆಲ್ಲ ಕೈ ಎತ್ತಿ ನಿಂತಿದ್ದ ಮುತ್ತು ಈಗ ಗಾಳಿಯಂತೆ ಓಡತೊಡಗಿದ. ಗೋಲು ಹೊಡೆದವನೇ ಓಡಿಬಂದು ಸತೀಶನನ್ನು ತಬ್ಬಿಕೊಂಡ. ಆಮೇಲೆ ಜಾಹೀದನದೊಂದು ಗೋಲು. ಅವನೂ ಬಂದು ತಬ್ಬಿಕೊಂಡದ್ದು ಸತೀಶನನ್ನೇ. ಜಹೀರ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತ ನಿಂತಿದ್ದ.

"ಎಮ್ಮಿ ಅಲ್ಲಲೇ ಅದು, ಆನಿ! ಆನಿ!" ಎಂದು ಶಂಕ್ರೆಪ್ಪ ಟವೆಲ್ ಮೇಲಕ್ಕೆ ಹಾರಿಸಿದ.

ಆಟ ಮುಗಿಯುವ ಹೊತ್ತಿಗೆ ಚೆಂಡು ಮತ್ತೆ ಜಹೀರನಿಗೆ ಸಿಕ್ಕಿತು. ಅವನ ಆಟ ಬಾಯಿಪಾಠವಾಗಿದ್ದ ತಿಕೋಟಾದವರು ಎಲ್ಲ ಬಿಟ್ಟು ಅವನ ಮೇಲೆಯೇ ನುಗ್ಗಿದರು. ಜಹೀರ ತಲೆ ಬಗ್ಗಿಸಿದ. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ಗೋಲು ಇನ್ನೂ ದೂರವಿತ್ತು. ಅಲ್ಲಿ ತಲೆ ಎತ್ತಿದ. ಎಡಗಡೆ ಅವನ ತಂಡದ ಸುಫಿಯಾನ ಒಬ್ಬನೇ ನಿಂತಿದ್ದ. ಚೆಂಡು ಅವನ ಸ್ಟಿಕ್ಕಿಗೆ ಹೋಗಿ ಮುಟ್ಟಿತು. ಸುಫಿಯಾನ ಅದನ್ನು ಗೋಲಿನೊಳಗೆ ತಳ್ಳಿದ. ಎರಡಕ್ಕೆ ಎರಡು.

ತಿಕೋಟಾದವರೆಲ್ಲ ಗಪ್ಪಾದರು. ಆ ಮೌನದ ನಡುವೆ ಒಬ್ಬರು ಮಾತ್ರ ಎದ್ದುನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಎಲ್ಲರೂ ತಿರುಗಿ ನೋಡಿದರು. ಸಬೀರಾ.

ಪಂದ್ಯ ಸಮನಾಗಿಯೇ ಮುಗಿಯಿತು. ಮೈಯೆಲ್ಲ ಬೆವರು, ಕೆಂಧೂಳು ಮೆತ್ತಿಕೊಂಡು ಜಹೀರ ತಿಕೋಟಾದವರ ಕಡೆಗೆ ಬಂದ. ಫಕ್ರುದ್ದೀನ ಸಾಹೇಬರು ಅವನ ಭುಜ ಹಿಡಿದು, "ಮುಂದಿನ ವರ್ಷ ನಮ್ಮಲ್ಲಿಗೆ ತಿರುಗಿ ಬಾರಪಾ. ಸತೀಶನ್ನ ವಾಪಸ್ ಕೊಡೂಣು" ಎಂದರು.

ಜಹೀರ ಬಾಯಿ ತೆರೆಯುವ ಮೊದಲೇ ಶಂಕ್ರೆಪ್ಪ ನಡುವೆ ಬಂದ. "ಆಗಂಗಿಲ್ಲರಿ ಸಾಹೇಬ್ರ! ಸತೀಶನ್ನ ಮುಟ್ಟಿದ್ರ ನೋಡ್ರಿ ಮತ್ತ. ಇವ ಅಲ್ಲೇ ಇರ್ಲಿ, ಚಲೋ ಆಡಾಕತ್ತಾನ."

ಜಹೀರ ನಕ್ಕ. ಆಮೇಲೆ ತಾಯಿಯ ಮುಂದೆ ಬಂದು ನಿಂತ. ಇಷ್ಟು ದಿನದ ಮೇಲೆ ಬಂದ ಮೊದಲ ಮಾತು ಅದು:

"ಅಮ್ಮಾ, ನಮ್ಮ ಕಡೀ ಗೋಲಿಗೆ ಎದ್ದು ನಿಂತಿದ್ದಿಯಲ್ಲಾ, ನೀ ತಿಕೋಟಾದಾಕಿ ಅಲ್ಲೇನು?"

"ತಿಕೋಟಾದಾಕೀನ," ಅಂದಳು ಸಬೀರಾ. "ಗೆಲ್ಲೂ ಆಟ ಕಸಕೊಂಡಿ ಅಂತ ಹೊಟ್ಟಿ ಉರಿಯಾಕತ್ತೈತಿ. ಕೈ ಅಷ್ಟ ನನ್ನ ಮಾತ ಕೇಳಲಿಲ್ಲ."