ಅಣಬೆ ಕೋಣೆಯ ಬೂದಿ

ಪವಿತ್ರಾ ಬಾಗಿಲ ಸಂದಿಗೆ ಮೂಗು ಹಚ್ಚಿ ನಿಂತಳು. ಒದ್ದೆ ಹುಲ್ಲಿನ ವಾಸನೆ ಬಂತು. ಬೀಡಿಯ ವಾಸನೆ ಬರಲಿಲ್ಲ. ಅಷ್ಟಕ್ಕೇ ನಂಬಿಬಿಡುವ ಹೆಂಗಸಲ್ಲ ಅವಳು. ಒಳಗೆ ಗಂಡ ಕೆಮ್ಮುತ್ತಿದ್ದ.

ಜಯಪ್ರಕಾಶ್ ಇಪ್ಪತ್ತೈದು ವರ್ಷ ಕುಶಾಲನಗರದಿಂದ ವಿರಾಜಪೇಟೆಗೆ ಬಸ್ಸು ಓಡಿಸಿದವನು. ಸ್ಟೇರಿಂಗ್ ಬಿಟ್ಟರೂ ಬೀಡಿ ಬಿಟ್ಟವನಲ್ಲ. ಹೋದ ವರ್ಷ ಊರಿನ ಡಾಕ್ಟರು ಅವನ ಎದೆ ಪರೀಕ್ಷಿಸಿ, ಪವಿತ್ರಾಳ ಕಡೆ ತಿರುಗಿ ಹೇಳಿದ್ದರು: “ಬೀಡಿ ಬಿಟ್ಟರೆ ಎದೆ ಉಳಿಯುತ್ತೆ. ಸುಮ್ಮನೆ ಕೂರಿಸಬೇಡಿ, ಕೈಗೊಂದು ಕೆಲಸ ಕೊಡಿ.” ಆ ಮಾತನ್ನು ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಕೆಲಸವನ್ನೂ ಅವಳೇ ಹುಡುಕಿದಳು. ಎರಡು ದಿನದ ಅಣಬೆ ತರಬೇತಿಗೆ ಹೋಗಿ ಬಂದು, ಹಿತ್ತಲಿನ ಸೌದೆ ಕೋಣೆ ಖಾಲಿ ಮಾಡಿಸಿದಳು. ಭತ್ತದ ಹುಲ್ಲು ಕತ್ತರಿಸಿ, ನೆನೆಸಿ, ಹಂಡೆಯಲ್ಲಿ ಬೇಯಿಸಿ, ಹಿಂಡಿದರೆ ಹನಿ ಬೀಳದಷ್ಟು ಆರಿಸಿದರು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಮೇಲೊಂದು ಹಿಡಿ ಅಣಬೆ ಬೀಜ. ಮೊದಲ ಸಲದ ಚೀಲಗಳಿಗೆಲ್ಲ ಹಸಿರು ಬೂಷ್ಟು ಹಿಡಿದು ಗೊಬ್ಬರಗುಂಡಿ ಸೇರಿದವು. ಎರಡನೇ ಸಲ ನಲವತ್ತು ಚೀಲ ಜಂತಿಯಿಂದ ತೂಗಿದವು. ಚಿಪ್ಪಣಬೆ ಗೊಂಚಲು ಗೊಂಚಲಾಗಿ ಹೊರಬಂತು. ನೀರು ಚಿಮುಕಿಸುವುದು, ಕೊಯ್ಯುವುದು, ಗುಡಿಸುವುದು ಎಲ್ಲ ಜಯಪ್ರಕಾಶನ ಪಾಲಿಗೆ.

“ಬಸ್ಸಲ್ಲಿ ಅರವತ್ತು ಜನ, ಒಬ್ರೂ ಬಾಯಿ ಮುಚ್ತಿರ್ಲಿಲ್ಲ. ಈ ನಲವತ್ತು ಪರವಾಗಿಲ್ಲ” ಎಂದು ನಕ್ಕಿದ್ದ.

ಎರಡು ತಿಂಗಳು ಕೆಮ್ಮು ಇಳಿಯಿತು. ಆಮೇಲೆ ತಿರುಗಿ ಬಂತು. ಸಂಜೆಯಾದರೆ ಚಳಿಜ್ವರ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಪವಿತ್ರಾ ಮಾತನ್ನು ತೂಗಿ ಕೇಳಿದಳು.

“ಏನ್ರೀ, ಅಲ್ಲಿ ಒಬ್ಬರೇ ಇರ್ತೀರಲ್ಲ, ಬೇಜಾರಾಗಲ್ವಾ?”

“ಬೀಡಿ ಸೇದ್ತೀಯಾ ಅಂತ ನೇರ ಕೇಳು ಮಾರಾಯ್ತಿ.”

“ನಾನೆಲ್ಲಿ ಹಾಗಂದೆ?”

“ನೀನನ್ನಲಿಲ್ಲ. ನಿನ್ನ ಮೂಗು ಅಂತು.”

ಮಾರನೇ ಬೆಳಿಗ್ಗೆ ಅವಳು ಒಬ್ಬಳೇ ಕೋಣೆಗೆ ಹೋದಳು. ಕಪ್ಪು ಬಕೆಟ್ಟಿನ ಮುಚ್ಚಳದ ಮೇಲೆ ತೆಳ್ಳಗೆ ಬೂದು ಬಿಳುಪಿನ ಪುಡಿ. ಬೆರಳಲ್ಲಿ ಒರೆಸಿದಳು. ಬೂದಿ! ಕಿಟಕಿಯ ದಂಡೆಯ ಮೇಲೂ ಅಷ್ಟು. ಹೊಗೆಯನ್ನು ಕಿಟಕಿಯಿಂದ ಆಚೆ ಬಿಡುತ್ತಿದ್ದಾನೆ, ಅದಕ್ಕೇ ವಾಸನೆ ಸಿಗುತ್ತಿಲ್ಲ ಎಂದುಕೊಂಡಳು. ಆವತ್ತೇ ಕಿಟಕಿಗೆ ಗೋಣಿಚೀಲ ಹೊಡೆಸಿದಳು. ಇನ್ನು ಸೇದಿದರೆ ಸಿಕ್ಕಿಬೀಳಲೇಬೇಕು.

ವಾಸನೆ ಆಗಲೂ ಸಿಗಲಿಲ್ಲ. ಅಣಬೆ ಮಾತ್ರ ಕಾಲು ಉದ್ದವಾಗಿ, ತಲೆ ಸಣ್ಣದಾಗಿ ಬಂತು. ಗಾಳಿ ಕೆಟ್ಟರೆ ಹೀಗಾಗುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಹೊಗೆಯಲ್ಲದೆ ಗಾಳಿ ಇನ್ಯಾವುದರಿಂದ ಕೆಡುತ್ತದೆ? ತಲೆ ದೊಡ್ಡದಾಗಲೆಂದು ಕೊಯ್ಯುವುದನ್ನು ಎರಡೆರಡು ದಿನ ಮುಂದೆ ಹಾಕಿಸಿದಳು.

ನಡುವೆ ಹತ್ತು ದಿನ ಅವನು ವಿರಾಜಪೇಟೆಯ ತಂಗಿ ತುಳಸಿಯ ಮನೆಯಲ್ಲಿದ್ದು ಬಂದ. ತುಳಸಿ ಫೋನಿನಲ್ಲಿ ಚುಚ್ಚಿದಳು: “ಅತ್ತಿಗೆ, ಅಣ್ಣ ಇಲ್ಲಿ ಕೆಮ್ಮೋದೇ ಮರೆತಿದ್ದಾನೆ. ನಿನ್ನೆ ಐದು ಅಕ್ಕಿರೊಟ್ಟಿ ತಿಂದ. ಅಲ್ಲಿ ಉಪವಾಸ ಕೆಡವಿದ್ರಾ ಹೇಗೆ?”

ಪವಿತ್ರಾಗೆ ಎಲ್ಲ ಅರ್ಥವಾಯಿತು. ತಂಗಿಯ ಮನೆಯಲ್ಲಿ ಸೇದಲು ನಾಚಿಕೆ. ಇಲ್ಲಿ ಯಾರ ಭಯ?

ಅವನು ಬಂದ ನಾಲ್ಕನೇ ದಿನಕ್ಕೆ ಜ್ವರವೂ ಬಂತು. ಅವಳು ಬಕೆಟ್ಟಿನ ಮುಚ್ಚಳವನ್ನೇ ತಂದು ಅವನೆದುರು ಇಟ್ಟಳು. ಈ ಸಲ ಮಾತನ್ನು ತೂಗಲಿಲ್ಲ.

“ಇದೇನು? ನನ್ನ ತಲೆ ಮುಟ್ಟಿ ಹೇಳಿ.”

ಅವನು ಪುಡಿಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಮಾತಾಡಲು ಹೋದರೆ ಕೆಮ್ಮು ಬಂತು. ಬಗ್ಗಿ, ಮೊಣಕಾಲು ಹಿಡಿದು, ಉಸಿರು ಸಿಕ್ಕಿದ ಮೇಲೆ ಹೇಳಿದ: “ಸೇದಿದೆ ಕಣೇ. ದಿನಕ್ಕೆ ಎರಡು. ಸಾಕಾ?”

“ಕಟ್ಟು ಎಲ್ಲಿ ಬಚ್ಚಿಟ್ಟಿದ್ದೀರಿ?”

“ಮರೆತುಹೋಯ್ತು.”

ಅವಳು ಅತ್ತಳು. ಅಳುವಿನ ನಡುವೆಯೂ ಎದೆಯ ಭಾರ ಇಳಿದ ಹಾಗಾಯಿತು. ರೋಗ ಗೊತ್ತಾದ ಮೇಲೆ ಮದ್ದು ಕಷ್ಟವಲ್ಲ. ಅಂಗಡಿಯ ಕಡೆ ಕಾಲು ಎಳೆಯದ ಹಾಗೆ ನೋಡಿಕೊಂಡರಾಯಿತು.

“ನೀವೇ ಹೇಳಿ. ಕೋಣೆಗೆ ಹೊರಗಿಂದ ಚಿಲಕ ಹಾಕ್ಲಾ?”

“ನಿನಗೆ ನಿದ್ದೆ ಬರುತ್ತೆ ಅಂದ್ರೆ ಹಾಕು.”

ಎಂಟು ದಿನ ಬೆಳಿಗ್ಗೆ ಜೇಬು ತಡವಿ ಅವನನ್ನು ಒಳಗೆ ಕಳಿಸಿ ಚಿಲಕ ಹಾಕಿದಳು. ಮಧ್ಯಾಹ್ನ ಊಟವನ್ನೂ ಅಲ್ಲಿಗೇ ಒಯ್ದಳು. ಒಂಬತ್ತನೇ ದಿನ ಚಿಲಕ ತೆಗೆದಾಗ ಅವನು ಗೋಡೆಗೊರಗಿ ಕೂತಿದ್ದ. ತುಟಿ ನೀಲಿಯಾಗಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪವಿತ್ರಾ ಮೇಜಿನ ಹತ್ತಿರ ಸರಿದಳು.

“ಬೀಡಿ, ಡಾಕ್ಟ್ರೇ. ಅವರೇ ಒಪ್ಪಿಕೊಂಡಿದ್ದಾರೆ. ಆದರೆ ಎಂಟು ದಿನದಿಂದ ಒಂದೂ ಸೇದಿಲ್ಲ. ಅದಕ್ಕೆ ನಾನೇ ಸಾಕ್ಷಿ.”

“ಎಂಟು ದಿನ ಎಲ್ಲಿದ್ದರು?”

“ಮನೆಯಲ್ಲೇ, ಅಣಬೆ ಬೆಳೆಸೋ ಕೋಣೆಯಲ್ಲಿ. ಬೆಳಿಗ್ಗೆಯಿಂದ ಸಂಜೆವರೆಗೂ ಅಲ್ಲೇ. ಹೊರಗಿನ ಗಾಳಿಯನ್ನೂ ಸೋಕಿಸಿಲ್ಲ.”

ಡಾಕ್ಟರು ಫಿಲ್ಮನ್ನು ಮೇಜಿನ ಮೇಲಿಟ್ಟರು. ಮಂಚದ ಬಳಿ ಹೋಗಿ ಬಗ್ಗಿ ಕೇಳಿದರು: “ಕೊನೆಯ ಬೀಡಿ ಯಾವಾಗ ಸೇದಿದ್ರಿ?”

ಬಾಯಿಗೆ ಆಮ್ಲಜನಕದ ಮಾಸ್ಕು. ಜಯಪ್ರಕಾಶ್ ಹೆಂಡತಿಯ ಮುಖ ನೋಡಿದ. ಆಮೇಲೆ ಒಂದು ಬೆರಳು ಎತ್ತಿದ.

“ಒಂದು ವಾರ?”

ಅಲ್ಲವೆಂದು ತಲೆಯಾಡಿಸಿದ.

“ಒಂದು ತಿಂಗಳು?”

ಮತ್ತೆ ಅಲ್ಲವೆಂದು ತಲೆಯಾಡಿಸಿ ಕಣ್ಣು ಮುಚ್ಚಿಕೊಂಡ.

“ವರ್ಷ ಆಯ್ತು ಅಂತಿದ್ದಾರೆ, ಅದು ಸುಳ್ಳಲ್ಲ ಅಮ್ಮಾ,” ಎಂದರು ಡಾಕ್ಟರು, “ಇದು ಹೊಗೆ ಕುಡಿದ ಎದೆಯಲ್ಲ; ಅರಳಿದ ಅಣಬೆ ಉದುರಿಸೋ ಪುಡಿಯನ್ನು ಮುಚ್ಚಿದ ಕೋಣೆಯಲ್ಲಿ ಕೂತು ಉಸಿರಾಡಿದ ಎದೆ.”