ಅಡಿ ನೋಡಿ ಹೇಳುವವನು

“ಇದರ ಯಜಮಾನ ಪುಕ್ಕಲ,” ಎಂದು ಎಲ್ವಿನ್ ಪ್ರೌಟಿ ಕೈಯಲ್ಲಿದ್ದ ಸ್ಕೀ ಹಲಗೆಯನ್ನು ಬೋರಲು ಮಾಡಿ ಅದರ ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದ. “ನೋಡಮ್ಮ, ಒಳಗಡೆ ಅಂಚು ಮಾತ್ರ ಸವೆದಿದೆ. ಬೆಟ್ಟದ ತುದಿಯಿಂದ ಬುಡದವರೆಗೂ ಬ್ರೇಕು ಹಾಕ್ಕೊಂಡೇ ಇಳಿದಿದ್ದಾನೆ ಪುಣ್ಯಾತ್ಮ.”

ಸುತ್ತ ನಿಂತವರು ನಕ್ಕರು. ಅಕ್ಟೋಬರಿನ ಎರಡನೇ ಶನಿವಾರ. ವರ್ಮಾಂಟಿನ ಆ ಬೆಟ್ಟದೂರಿನವರೆಲ್ಲ ತಮ್ಮ ಹಳೆಯ ಸ್ಕೀ, ಬೂಟು, ಕೋಲುಗಳಿಗೆ ಬೆಲೆಚೀಟಿ ಕಟ್ಟಿ ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಮಾರಲಿಟ್ಟಿದ್ದರು. ಎಲ್ವಿನ್ ಅಲ್ಲಿಗೆ ಮಾರಲು ಬಂದವನಲ್ಲ, ಕೊಳ್ಳಲು ಬಂದವನೂ ಅಲ್ಲ. ಪ್ರತಿ ವರ್ಷ ಬಾಗಿಲು ತೆರೆಯುವ ಹೊತ್ತಿಗೆ ಬಂದು ಮುಚ್ಚುವವರೆಗೂ ಜನರಿಗೆ ಬುದ್ಧಿ ಹೇಳುವುದು ಅವನ ಕಸುಬು. ಹದಿನೆಂಟು ವರ್ಷಗಳ ಹಿಂದೆ ಹಿಮಗಾಳಿಯ ನಡುವೆ ಬೆಟ್ಟದ ಉತ್ತರದ ಕಡಿದಾದ ಇಳಿಜಾರನ್ನು ತಾನೊಬ್ಬನೇ ಇಳಿದದ್ದು, ಆಗ ಮೊಣಕಾಲಿಗೆ ಪೆಟ್ಟಾದದ್ದು, ಅಂದಿನಿಂದ ಸ್ಕೀ ಮುಟ್ಟದೆ ಇರಬೇಕಾಗಿ ಬಂದದ್ದು, ಇಷ್ಟನ್ನೂ ಕೇಳಿಸಿಕೊಳ್ಳದೆ ಅಲ್ಲಿಂದ ಒಂದು ಜೊತೆ ಕೈಗವಸನ್ನು ಕೂಡ ಯಾರೂ ಕೊಂಡೊಯ್ಯುವಂತಿರಲಿಲ್ಲ.

ಈ ಸಲ ಅವನ ಕೈಗೆ ಸಿಕ್ಕವಳು ಮರಿಸೋಲ್. ಟೆಕ್ಸಸ್ಸಿನ ಬಿಸಿಲಲ್ಲಿ ಬೆಳೆದವಳು, ಊರಿನ ಆಸ್ಪತ್ರೆಗೆ ಆಗಸ್ಟಿನಲ್ಲಷ್ಟೇ ನರ್ಸಾಗಿ ಬಂದಿದ್ದಳು. ಹಿಮವನ್ನು ಇನ್ನೂ ಕಣ್ಣಾರೆ ಕಂಡಿರಲಿಲ್ಲ. ಸ್ಕೀಯ ಮುಖ ನೋಡಿ ಮರುಳಾಗಬಾರದು, ಬಣ್ಣ ಯಾರು ಬೇಕಾದರೂ ಬಳಿಯುತ್ತಾರೆ, ಅಡಿ ಮಾತ್ರ ಸುಳ್ಳು ಹೇಳುವುದಿಲ್ಲ ಎಂದು ಎಲ್ವಿನ್ ಅವಳಿಗೆ ಅರ್ಧ ಗಂಟೆಯಿಂದ ಪಾಠ ಮಾಡುತ್ತಿದ್ದ. ಹಿಮಗಾಳಿಯ ಕಥೆಗೆ ಇನ್ನೂ ಬಂದಿರಲಿಲ್ಲ.

ಆ ಪುಕ್ಕಲ ಯಜಮಾನ ಕ್ಲೇಟನ್ ಬುಶಿ ಅಲ್ಲೇ ಎರಡು ಮಾರು ದೂರದಲ್ಲಿ ನಿಂತಿದ್ದ. ಚಳಿಗಾಲವಿಡೀ ಲಾರಿಯಲ್ಲಿ ಕೂತು ಊರಿನ ರಸ್ತೆಗಳ ಹಿಮ ತಳ್ಳುವವನು, ಮಾತು ಕಡಿಮೆ. ಅವನ ಕಿವಿ ಕೆಂಪೇರಿತ್ತು. ಗೋಡೆಯ ಕಡೆಗೆ ಹೋಗಿ, ಅಲ್ಲಿ ಒರಗಿಸಿದ್ದ ಇನ್ನೊಂದು ಜೊತೆಯನ್ನು ತಂದು ಎಲ್ವಿನ್‌ನ ಮುಂದೆ ಬೋರಲಾಗಿ ಇಟ್ಟ.

“ಇದನ್ನೂ ಸ್ವಲ್ಪ ಓದಿ ಹೇಳಿ, ಗುರುಗಳೇ.”

ಜನ ಹತ್ತಿರ ಸರಿದರು. ಅದನ್ನು ಎಲ್ವಿನ್ ಮರ್ಯಾದೆಯೆಂದೇ ತಿಳಿದ. ಬಗ್ಗಿ ನೋಡಿದ, ಉಗುರಿನಿಂದ ಕೆರೆದ, ಮೂಗಿನ ಹತ್ತಿರ ಹಿಡಿದು ಮೂಸಿಯೂ ಮೂಸಿದ.

“ಕಾರ್ಖಾನೇಲಿ ಬಳಿದ ಮೇಣ ಹಾಗೇ ಇದೆಯಲ್ಲಪ್ಪ. ಒಂದು ಗೀರು ಇಲ್ಲ. ಹಿಮ ಮುಟ್ಟೋದಿರಲಿ, ಇದು ಗ್ಯಾರೇಜಿನ ಹೊಸಿಲೇ ದಾಟಿಲ್ಲ. ಇದರ ಯಜಮಾನ ಕಾಲಲ್ಲಿ ಬೆಟ್ಟ ಇಳಿದವನಲ್ಲಮ್ಮ, ಬಾಯಲ್ಲಿ ಇಳಿದವನು.”

ಈ ಸಲ ಯಾರೂ ನಗಲಿಲ್ಲ. ಒಬ್ಬಿಬ್ಬರು ಕೆಮ್ಮಿದರು. ಮಾತಿಗೆ ಖಾರ ಸಾಲದಾಯಿತೇನೋ ಎಂದುಕೊಂಡ ಎಲ್ವಿನ್, ಇಂಥ ಗಂಡನ ಸ್ಕೀಗೆ ವರ್ಷಾವರ್ಷ ಧೂಳು ಹೊಡೆಯುವ ಆ ಹೆಂಡತಿಯ ಕರ್ಮವೇ ಕರ್ಮ ಎಂದೂ ಸೇರಿಸಿದ.

ಮರಿಸೋಲ್ ಬೆಲೆ ನೋಡಲು ಸ್ಕೀಯನ್ನು ತಿರುಗಿಸಿದಳು. ಹಸಿರು ಮೈಯ ಮೇಲೆ ಕೆಂಪು ಗೆರೆ. ಹದಿನೆಂಟು ವರ್ಷ ಎಲ್ವಿನ್‌ನ ಗ್ಯಾರೇಜಿನ ಗೋಡೆಯ ಮೇಲಿದ್ದ ಕೆಂಪು ಗೆರೆ ಅದು. ಮನೆಗೆ ಬಂದವರಿಗೆಲ್ಲ ಬೆರಳು ಮಾಡಿ, ‘ಆವತ್ತು ಹಾಕಿಕೊಂಡಿದ್ದು ಇವೇ’ ಎಂದು ಅವನು ತೋರಿಸುತ್ತಿದ್ದ ಕೆಂಪು ಗೆರೆ. ಅವುಗಳ ಅಡಿಯನ್ನು ಅವನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಅವಳು ಚೀಟಿ ಓದಿದಳು. “ಎಲ್ವಿನ್ ಪ್ರೌಟಿ, ನಲವತ್ತು ಡಾಲರ್. ಯಾರು ಇವರು? ಇಲ್ಲೇ ಇದ್ದಾರಾ?”

ಎಲ್ಲರೂ ಎಲ್ವಿನ್‌ನ ಬಾಯಿಯನ್ನೇ ನೋಡುತ್ತಿದ್ದರು.

“ಇದ್ದ,” ಎಂದ ಎಲ್ವಿನ್. “ಈಗಷ್ಟೇ ಹೊರಗೆ ಹೋದ ಅಂತ ಕಾಣತ್ತೆ.”

“ದೂರ ಹೋಗಿರಲ್ಲ ಬಿಡಿ,” ಎಂದ ಬುಶಿ. “ಪಾಪ, ಮೊಣಕಾಲು ನೋವು.”

“ಹೌದಾ? ಹಾಗಾದ್ರೆ ಒಂದ್ಸಲ ಆಸ್ಪತ್ರೆಗೆ ಬರೋಕೆ ಹೇಳಿ. ನಾನು ಥ್ಯಾಂಕ್ಸ್ ಹೇಳ್ದೆ ಅಂತಾನೂ ಹೇಳಿ. ಹೊಸದನ್ನೇ ಇಷ್ಟು ಕಡಿಮೆಗೆ ಕೊಟ್ಟಿದ್ದಾರೆ.” ಮರಿಸೋಲ್ ಸ್ಕೀಗಳನ್ನು ಹೆಗಲಿಗೇರಿಸಿಕೊಂಡು, ಒಳ್ಳೆಯ ಪಾಠ ಹೇಳಿದ್ದಕ್ಕೆ ಎಲ್ವಿನ್‌ನ ಕೈ ಕುಲುಕಿ, ಹಣ ಕಟ್ಟಲು ಹೋದಳು.

ನಗು ಆಮೇಲೆ ಬಂತು. ಜೋರಾಗಿ ಅಲ್ಲ, ಬೂಟುಗಳ ಸಾಲಿನ ಹಿಂದೆ, ಅಂಗಿಗಳ ಸಂದಿಯಲ್ಲಿ, ಅಲ್ಲಲ್ಲಿ. ಅದರ ನಡುವೆಯೇ ಎಲ್ವಿನ್ ಹೊರಗಿನ ಪಡಸಾಲೆಗೆ ನಡೆದ. ಅಲ್ಲಿ ಅವನ ಹೆಂಡತಿ ಲವೀನಾ ದೊಡ್ಡ ಪಾತ್ರೆಯಿಂದ ಬಟಾಣಿ ಸೂಪ್ ಬಡಿಸುತ್ತಿದ್ದಳು. ಯಾರನ್ನು ಕೇಳಿ ಸ್ಕೀಗಳನ್ನು ಮಾರಲಿಟ್ಟೆ ಎಂದು ಹಲ್ಲು ಕಚ್ಚಿ ಕೇಳಿದ. ಜಿಂಕೆ ಮಾಂಸ ಇಡಲು ಇನ್ನೊಂದು ಫ್ರೀಜರ್ ಬರುತ್ತಿದೆ, ಗ್ಯಾರೇಜಿನಲ್ಲಿ ಜಾಗ ಬೇಕು, ಗುರುವಾರ ಎರಡೆರಡು ಸಲ ಹೇಳಿದ್ದೆ, ಟಿವಿ ನೋಡುತ್ತಾ ಹೂಂ ಅಂದಿದ್ದೆ ನೀನು, ಎಂದಳು ಲವೀನಾ.

“ಊರಿಗೆಲ್ಲ ಗೊತ್ತಾಗಿಹೋಯ್ತು, ಲವೀನಾ.”

ಅವಳು ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿದಳು.

“ಊರಿಗೆ ಹದಿನೆಂಟು ವರ್ಷದಿಂದ ಗೊತ್ತು. ನಿನಗೆ ಹೇಳಿಬಿಟ್ರೆ ಚಳಿಗಾಲ ಪೂರ್ತಿ ನಗೋಕೆ ಏನೂ ಇರಲ್ಲ ಅಂತ ಸುಮ್ಮನಿದ್ರು.” ಒಂದು ಬಟ್ಟಲು ತುಂಬಿಸಿ ಅವನ ಮುಂದೆ ಸರಿಸಿದಳು. “ಬ್ರೆಡ್ ಬೇಕಾ, ಬೇಡ್ವಾ? ಬೇಗ ಹೇಳು, ಹಿಂದೆ ಜನ ನಿಂತಿದ್ದಾರೆ.”